ಬಾಸ್ ಮೀನಿಗೆ ಪ್ಲಾಸ್ಟಿಕ್ ಹುಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಕೆರೆ, ಜಲಾಶಯಗಳಲ್ಲಿ ಲಾರ್ಜ್‌ಮೌತ್ ಬಾಸ್ ಹಿಡಿಯಲು ಕಲಿಯುತ್ತಿರುವ ಕನ್ನಡಿಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಾಳಕ್ಕೆ ಸಿಗಿಸುವ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳ ಬಗ್ಗೆಯೇ ಇವೆ. ಅವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ಅಂಗಡಿಯಲ್ಲಿ ಗೋಡೆ ತುಂಬ ಹುಳುಗಳ ಪ್ಯಾಕೆಟ್ ನೇತು ಹಾಕಿದ್ದಾರೆ. ಯಾವುದು ಕೊಳ್ಳಬೇಕೆಂದು ತೋಚದೆ ಬರಿಗೈಲಿ ವಾಪಸ್ ಬಂದೆ. ಹೊಸಬನಿಗೆ ಏನೇನು ಸಾಕು?
— ಓದುಗರು, ಪ್ಲೇನೋ, ಟೆಕ್ಸಾಸ್

ಮೂರು ಪ್ಯಾಕೆಟ್ ಹುಳು, ಎರಡು ಅಳತೆಯ ಕೊಕ್ಕೆ, ಎರಡು ತೂಕದ ಗುಂಡು (ಹುಳು ಮುಳುಗಲೆಂದು ದಾರಕ್ಕೆ ಹಾಕುವ ಭಾರ). ಮೊದಲ ವರ್ಷಕ್ಕೆ ಇಷ್ಟು ಧಾರಾಳವಾಯಿತು.

ಪ್ಯಾಕೆಟ್ ಕೈಗೆತ್ತಿಕೊಂಡಾಗ ಮೊದಲು ಹುಳುವಿನ ಬಾಲ ನೋಡಿ, ಬಣ್ಣ ಆಮೇಲೆ ನೋಡಿದರಾಯಿತು. ಬಾಸ್ ಬಹುಪಾಲು ಹುಳುವನ್ನು ಬಾಯಿಗೆ ಹಾಕಿಕೊಳ್ಳುವುದು ಅದು ಕೆಳಗಿಳಿಯುತ್ತಿರುವಾಗ ಅಥವಾ ತಳ ಮುಟ್ಟಿದ ಮರುಕ್ಷಣದಲ್ಲಿ. ಹೇಗೆ ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಹುಳುವಿನ ಬಾಲ, ದಪ್ಪ ಮತ್ತು ಅದರಲ್ಲಿರುವ ಉಪ್ಪು. ಈ ಅಂಕಣದ ಉಳಿದ ಉತ್ತರಗಳೂ ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

ಮೊದಲನೆಯದು 5 ಇಂಚಿನ ಸ್ಟಿಕ್ ವರ್ಮ್. ಬಾಲ ಎಂಬುದೇ ಇಲ್ಲ, ತುದಿಯಿಂದ ತುದಿಗೆ ಸುಮಾರಾಗಿ ಒಂದೇ ದಪ್ಪ. ಹುಳು ತಯಾರಕ ಗ್ಯಾರಿ ಯಾಮಾಮೊಟೊ ಅವರ ಸೆಂಕೊ ಎಂಬ ಹುಳು ಈ ಬಗೆಯನ್ನು ಮನೆಮಾತು ಮಾಡಿತು. ಪ್ಲಾಸ್ಟಿಕ್‌ನಲ್ಲಿ ತುಂಬ ಉಪ್ಪು ಬೆರೆಸಿರುತ್ತಾರೆ, ಆದ್ದರಿಂದ ಗುಂಡು ಕಟ್ಟದಿದ್ದರೂ ಮುಳುಗುತ್ತದೆ. ಮುಳುಗುವಾಗ ಅಡ್ಡಡ್ಡ ಮಲಗಿ ಎರಡೂ ತುದಿಗಳನ್ನು ಅದುರಿಸುತ್ತ ಇಳಿಯುತ್ತದೆ. ನೀವು ಏನೂ ಮಾಡದೆ ಸುಮ್ಮನಿದ್ದಷ್ಟೂ ಚೆನ್ನಾಗಿ ಕೆಲಸ ಮಾಡುವ ಹುಳು ಇದು, ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಎರಡನೆಯದು 7ರಿಂದ 7.5 ಇಂಚಿನ ರಿಬ್ಬನ್ ಟೇಲ್. ತೆಳ್ಳನೆಯ ಉದ್ದ ಬಾಲ ಇಳಿಯುವಾಗಲೂ ಎಳೆಯುವಾಗಲೂ ಬಳುಕುತ್ತ ನೀರು ಕಲಕುತ್ತದೆ. ಬೇಸಿಗೆಗೆ, ಕಲಕು ನೀರಿಗೆ, ಮುಳುಗಿದ ಮರದ ಕೊಂಬೆಗಳ ನಡುವೆ ಎಸೆಯಲು ಇದು. ಮೂರನೆಯದು 4.5 ಇಂಚಿನ ಸಣಕಲು ನೇರ ಹುಳು, ಫಿನೆಸ್ ವರ್ಮ್ ಎನ್ನುತ್ತಾರೆ. ನೀರು ತಿಳಿಯಾಗಿದ್ದಾಗ, ಚಳಿ ಹೆಚ್ಚಿದ್ದಾಗ, ವಾರಾಂತ್ಯದ ಜನಜಂಗುಳಿಯಲ್ಲಿ ಮೀನು ಬೆದರಿದ್ದಾಗ ಇದನ್ನು ತೆಗೆಯಿರಿ.

ಕೊಕ್ಕೆಯಲ್ಲಿ 3/0 ಮತ್ತು 1/0 ಅಳತೆಯ ಆಫ್‌ಸೆಟ್ (ದಾರ ಕಟ್ಟುವ ಕಣ್ಣಿನ ಹತ್ತಿರ ಮೆಟ್ಟಿಲಿನಂತೆ ಮಡಿಸಿದ) ವರ್ಮ್ ಹುಕ್ ಒಂದೊಂದು ಪ್ಯಾಕೆಟ್. 3/0 ದೊಡ್ಡ ಹುಳುಗಳೆರಡಕ್ಕೂ ಆಗುತ್ತದೆ, 1/0 ಚಿಕ್ಕದಕ್ಕೆ. ಗುಂಡು 1/8 ಔನ್ಸ್, 1/4 ಔನ್ಸ್. ಅಂದರೆ ಮೂರೂವರೆ ಗ್ರಾಂ, 7 ಗ್ರಾಂ. 10 ಇಂಚಿನ ಹುಳು, 5/0 ಕೊಕ್ಕೆ ಇವೆಲ್ಲ ಬೇಸಿಗೆಯಲ್ಲಿ ದೊಡ್ಡ ಜಲಾಶಯದ ಆಳಕ್ಕೆ ದೋಣಿಯಲ್ಲಿ ಹೋಗುವವರಿಗೆ.

ನೀವು ಪ್ಲೇನೋದಲ್ಲಿದ್ದೀರಿ ಎಂಬುದಕ್ಕೆ ಒಂದು ಮಾತು. ಓಹಾಯೋದ ಆಕ್ರನ್‌ನಲ್ಲಿ 1949ರಲ್ಲಿ ನಿಕ್ ಕ್ರೀಮ್ ತಮ್ಮ ಮನೆಯ ಅಡುಗೆಮನೆಯಲ್ಲಿ ವಿನೈಲ್ ಹುಳು ಅಚ್ಚು ಹಾಕಿದರು. ಅವರ ಕಂಪನಿ ಆಮೇಲೆ ಬಂದು ನೆಲೆಸಿದ್ದು ನಿಮ್ಮ ಪೂರ್ವಕ್ಕಿರುವ ಟೈಲರ್ ಊರಿನಲ್ಲಿ. ಟೆಕ್ಸಾಸ್‌ನಲ್ಲಿ ದಾಖಲೆಯ ಬಾಸ್ ಸಿಕ್ಕ ಲೇಕ್ ಫೋರ್ಕ್ ಕೂಡ ಅದೇ ದಿಕ್ಕಿನಲ್ಲಿದೆ.

ಪ್ರಶ್ನೆ: ಟೆಕ್ಸಾಸ್ ರಿಗ್ (ದಾರಕ್ಕೆ ಗುಂಡು ಪೋಣಿಸಿ, ಕೊಕ್ಕೆಯ ಮೊನೆಯನ್ನು ಹುಳುವಿನೊಳಗೆ ಅಡಗಿಸುವ ವಿಧಾನ) ಕಟ್ಟಿದರೆ ಹುಳು ನೀರಿನಲ್ಲಿ ಗಿರಗಿರ ತಿರುಗಿ ದಾರವೆಲ್ಲ ಹುರಿಗೊಳ್ಳುತ್ತದೆ. ಕೆಲವು ಸಲ ಎಸೆದ ಕೂಡಲೇ ಹುಳುವಿನ ತಲೆ ಕೊಕ್ಕೆಯ ಮೇಲಿಂದ ಕೆಳಕ್ಕೆ ಜಾರಿರುತ್ತದೆ. ಎಲ್ಲಿ ತಪ್ಪುತ್ತಿದೆ?
— ಓದುಗರು, ಆಸ್ಟಿನ್

ಹುಳು ಕೊಕ್ಕೆಯ ಮೇಲೆ ನೇರವಾಗಿ ಕೂತಿಲ್ಲ. ಒಂದು ಕಡೆ ಚೂರು ವಾಲಿದರೂ ನೀರು ಅದನ್ನು ತಿರುಗಿಸುತ್ತದೆ. ತಿರುಗುವ ಹುಳುವನ್ನು ಮೀನು ಹಿಂಬಾಲಿಸಿ ಬಂದು ನೋಡಿ ಹೊರಟುಹೋಗುತ್ತದೆ. ಹೀಗೆ ಕಟ್ಟಿ ನೋಡಿ.

ದಾರಕ್ಕೆ ಮೊದಲು ಗುಂಡು ಪೋಣಿಸಿ: ಚೂಪು ತುದಿ ರಾಡ್ ಕಡೆಗೆ, ಅಗಲದ ತಳ ಕೊಕ್ಕೆಯ ಕಡೆಗೆ. ಆಮೇಲೆ ದಾರವನ್ನು ಜೋಡಿಯಾಗಿ ಮಡಚಿ ಹಾಕುವ ಪಾಲೊಮಾರ್ ಗಂಟಿನಿಂದ ಕೊಕ್ಕೆ ಕಟ್ಟಿ. ಗಂಟು ಬಿಗಿಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡಲೇಬೇಕು. ಫ್ಲೋರೋಕಾರ್ಬನ್ ದಾರವನ್ನು ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ಅದು ಅಲ್ಲೇ ಸೋಲುತ್ತದೆ, ದೊಡ್ಡ ಮೀನು ಬಿದ್ದ ದಿನ ಗಂಟಿನಲ್ಲೇ ಕಿತ್ತುಹೋಗುತ್ತದೆ.

ಹುಳುವನ್ನು ಬೆಳಕಿಗೆ ಹಿಡಿದು ನೋಡಿ. ಬಹಳಷ್ಟು ಹುಳುಗಳಲ್ಲಿ ಉದ್ದಕ್ಕೂ ಅಚ್ಚು ಕೂಡಿದ ಸಣ್ಣ ಗೆರೆ ಕಾಣುತ್ತದೆ. ಕೊಕ್ಕೆ ಒಳಹೋಗುವುದು, ಹೊರಬರುವುದು ಎಲ್ಲ ಆ ಗೆರೆಯ ಮೇಲೆಯೇ ಆದರೆ ಹುಳು ತಾನಾಗಿ ನೇರ ಕೂರುತ್ತದೆ.

ತಲೆಯ ನಟ್ಟನಡುವೆ ಮೊನೆ ಚುಚ್ಚಿ ಕಾಲು ಇಂಚು ಒಳಕ್ಕೆ ನೇರ ತಳ್ಳಿ, ಆಮೇಲೆ ಮೊನೆಯನ್ನು ಗೆರೆಯ ಕಡೆ ತಿರುಗಿಸಿ ಹೊರಗೆ ತನ್ನಿ. ಕೊಕ್ಕೆಯನ್ನು ಪೂರ್ತಿ ಎಳೆಯುತ್ತ ಹೋಗಿ. ಕಣ್ಣಿನ ಹತ್ತಿರ ಇರುವ ಮೆಟ್ಟಿಲಿನಂಥ ಮಡಿಕೆ ತಲೆಯೊಳಗೆ ಸೇರಿ, ಕಣ್ಣು ಪ್ಲಾಸ್ಟಿಕ್‌ನಲ್ಲಿ ಮರೆಯಾಗುವಷ್ಟಕ್ಕೆ ನಿಲ್ಲಿಸಿ. ಈಗ ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿದರೆ ಮೊನೆ ಹುಳುವಿನ ಮೈಗೆ ಎದುರಾಗುತ್ತದೆ. ಕಣ್ಣಿನ ಹತ್ತಿರ ಹಿಡಿದು ಹುಳುವನ್ನು ಇಳಿಬಿಡಿ. ಕೊಕ್ಕೆಯ ಬಾಗು ಹುಳುವಿನ ಯಾವ ಜಾಗಕ್ಕೆ ಮುಟ್ಟುತ್ತದೋ ಅಲ್ಲಿ ಹೆಬ್ಬೆರಳ ಉಗುರು ಒತ್ತಿ ಗುರುತು ಮಾಡಿಕೊಳ್ಳಿ. ಹುಳುವನ್ನು ತುಸು ಮಡಚಿ, ಆ ಗುರುತಿನಲ್ಲಿ ಮೊನೆಯನ್ನು ಅಡ್ಡಕ್ಕೆ ನೇರ ತೂರಿಸಿ ಆಚೆ ಬದಿಗೆ ತನ್ನಿ. ಕೊನೆಗೆ, ಹೊರಬಂದ ಮೊನೆಯ ಮುಂದಿರುವ ಪ್ಲಾಸ್ಟಿಕ್ಕನ್ನು ಚಿವುಟಿ ಹಿಡಿದು, ಮೊನೆಯ ತುದಿಯನ್ನಷ್ಟೇ ಅದರ ಪದರದಡಿ ಅಡಗಿಸಿ. ಹೀಗಾದರೆ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ, ಮೀನು ಕಚ್ಚಿದಾಗ ಚಿಕ್ಕ ಎಳೆತಕ್ಕೇ ಮೊನೆ ಆಚೆ ಬರುತ್ತದೆ.

ಉಗುರಿನ ಗುರುತಿಗಿಂತ ಬಾಲದ ಕಡೆಗೆ ಸರಿದು ಚುಚ್ಚಿದರೆ ಹುಳು ಗೂನಾಗುತ್ತದೆ. ತಲೆಯ ಕಡೆಗೆ ಸರಿದರೆ ಮೈ ಎಳೆದು ನಿಂತು ಒಂದೆರಡು ಎಸೆತಕ್ಕೇ ಹರಿಯುತ್ತದೆ. ಕೊಕ್ಕೆಯನ್ನು ಅರ್ಧ ಸುತ್ತಿಗೆ ಬದಲು ಮುಕ್ಕಾಲು ಸುತ್ತು ತಿರುಗಿಸಿದ್ದರೆ ಹುಳು ಹುರಿಗೊಂಡಂತೆ ಕೂರುತ್ತದೆ, ನೀವು ಹೇಳಿದ ಗಿರಗಿರಕ್ಕೆ ಸಾಮಾನ್ಯ ಕಾರಣ ಇದೇ. ದಡದ ಹತ್ತಿರ ಎರಡು ಅಡಿ ನೀರಲ್ಲಿ ಎಳೆದು ನೋಡಿ, ತಿರುಗಿದರೆ ಬಿಚ್ಚಿ ಮತ್ತೆ ಕಟ್ಟಿ.

ತಲೆ ಜಾರುವುದಕ್ಕೆ ಕಾರಣ ಬೇರೆ. ಕಾಲು ಇಂಚಿಗಿಂತ ಕಡಿಮೆ ಚುಚ್ಚಿದ್ದೀರಿ, ಇಲ್ಲವೇ ಹಳೆಯ ತೂತಿಗೇ ಮತ್ತೆ ಪೋಣಿಸುತ್ತಿದ್ದೀರಿ. ಹರಿದ ತಲೆಯನ್ನು ಕಾಲು ಇಂಚು ಕತ್ತರಿಸಿ ಹೊಸ ಜಾಗದಲ್ಲಿ ಚುಚ್ಚಿ. 7 ಇಂಚಿನ ಹುಳು ಆರೂಮುಕ್ಕಾಲು ಆದರೆ ಮೀನಿಗೇನೂ ಬೇಸರವಿಲ್ಲ.

ಕೊಕ್ಕೆಯ ಆಕಾರದ ಬಗ್ಗೆಯೂ ಹಲವರು ಕೇಳಿದ್ದಾರೆ. ಸಣಕಲು ಹುಳುವಿಗೆ ದುಂಡು ಬಾಗಿನ ಸಾಧಾರಣ ಆಫ್‌ಸೆಟ್ ಸಾಕು. ಸ್ಟಿಕ್ ವರ್ಮ್‌ನಂಥ ದಪ್ಪದ್ದಕ್ಕೆ ಎಕ್ಸ್‌ಟ್ರಾ ವೈಡ್ ಗ್ಯಾಪ್ (ಬಾಗು ಹೆಚ್ಚು ಅಗಲವಿರುವ ಆಫ್‌ಸೆಟ್) ಬೇಕು, ಏಕೆಂದರೆ ಮೀನು ಕಚ್ಚಿದಾಗ ಪ್ಲಾಸ್ಟಿಕ್ ಕುಸಿದು ಬಾಗಿನೊಳಗೆ ತುಂಬಿಕೊಳ್ಳುತ್ತದೆ. ಆ ಮೇಲೂ ಮೊನೆಗೆ ಜಾಗ ಉಳಿಯಬೇಕು.

ಪ್ರಶ್ನೆ: ಎಷ್ಟು ತೂಕದ ಗುಂಡು ಹಾಕಬೇಕು? ಟಂಗ್‌ಸ್ಟನ್ ಲೋಹದ ಗುಂಡಿಗೆ ಅಷ್ಟು ದುಡ್ಡು ಕೊಡುವುದು ಸಾರ್ಥಕವೇ? ಟೆಕ್ಸಾಸ್‌ನಿಂದ ನ್ಯೂ ಹ್ಯಾಂಪ್‌ಶೈರ್‌ಗೆ ಮನೆ ಬದಲಿಸುತ್ತಿದ್ದೇನೆ, ಹಳೆಯ ಸೀಸದ ಗುಂಡುಗಳು ಬೇಕಾದಷ್ಟಿವೆ.

ಮೊದಲು ಕೊನೆಯ ಮಾತು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂದು ಔನ್ಸ್ ಮತ್ತು ಅದಕ್ಕಿಂತ ಹಗುರಾದ ಸೀಸದ ಗುಂಡು ಬಳಸುವಂತಿಲ್ಲ. ಪಕ್ಕದ ಮ್ಯಾಸಚೂಸೆಟ್ಸ್‌ನ ಒಳನಾಡಿನ ನೀರಿನಲ್ಲೂ ಒಂದು ಔನ್ಸ್‌ಗಿಂತ ಕಡಿಮೆ ತೂಕದ ಸೀಸಕ್ಕೆ ನಿಷೇಧವಿದೆ. ಲೂನ್ ಎಂಬ ನೀರಹಕ್ಕಿ ತಳದ ಕಲ್ಲುಹರಳುಗಳ ಜೊತೆ ಇಂಥ ಗುಂಡನ್ನೂ ನುಂಗುತ್ತದೆ. ಒಂದೇ ಗುಂಡು ಆ ಹಕ್ಕಿಯನ್ನು ಕೊಲ್ಲಬಲ್ಲದು. ಕಾನೂನು ಬಂದಿರುವುದು ಈ ಕಾರಣಕ್ಕೆ, ಬಂದಿದ್ದು ಒಳ್ಳೆಯದೇ ಆಯಿತು. ಹಳೆಯ ಸೀಸವನ್ನು ಕಸದ ಡಬ್ಬಿಗೆ ಹಾಕದೆ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಕಡೆ ಕೊಡಿ.

ತೂಕದ ಲೆಕ್ಕ ಹೀಗೆ: ತಳ ಮುಟ್ಟಿದ್ದು ಕೈಗೆ ಗೊತ್ತಾಗುವಷ್ಟು ಭಾರ ಸಾಕು, ಅದಕ್ಕಿಂತ ಒಂದು ಗ್ರಾಂ ಹೆಚ್ಚು ಬೇಡ. ಆರು ಅಡಿಯೊಳಗಿನ ನೀರಿಗೆ 1/8 ಔನ್ಸ್. ಹನ್ನೆರಡು ಅಡಿವರೆಗೆ 3/16 ಅಥವಾ 1/4. ಗಾಳಿ ಜೋರಿದ್ದರೆ, ಆಳ ಹೆಚ್ಚಿದ್ದರೆ 3/8, 1/2. ಹೊಸಬರೆಲ್ಲ ದೂರಕ್ಕೆ ಎಸೆಯುವ ಆಸೆಗೆ ಭಾರ ಹೆಚ್ಚಿಸುತ್ತಾರೆ. ಅರ್ಧ ಔನ್ಸ್ ಗುಂಡು ಮೂರು ಅಡಿ ನೀರಲ್ಲಿ ದಬಕ್ಕನೆ ತಳಕ್ಕೆ ಹೋಗುತ್ತದೆ, ಹುಳು ಇಳಿಯುವುದನ್ನು ಮೀನು ನೋಡುವ ಹೊತ್ತೇ ಸಿಗುವುದಿಲ್ಲ.

ಟಂಗ್‌ಸ್ಟನ್ ಸೀಸಕ್ಕಿಂತ ಬಹಳ ಸಾಂದ್ರ. ಸೀಸದ ಸಾಂದ್ರತೆ ಘನ ಸೆಂಟಿಮೀಟರ್‌ಗೆ 11.3 ಗ್ರಾಂ, ಟಂಗ್‌ಸ್ಟನ್‌ನದು 19.3. ಅದೇ ತೂಕದ ಗುಂಡು ಗಾತ್ರದಲ್ಲಿ ಚಿಕ್ಕದಾಗಿರುತ್ತದೆ, ಜೊಂಡಿನ ಸಂದಿಯಲ್ಲಿ ಸಲೀಸಾಗಿ ತೂರುತ್ತದೆ. ಗಡುಸಾಗಿರುವುದರಿಂದ ಕಲ್ಲೋ, ಮರವೋ, ಕೆಸರೋ ಎಂಬುದು ರಾಡ್‌ನಲ್ಲೇ ತಿಳಿಯುತ್ತದೆ. ನಿಮ್ಮ ಹೊಸ ಊರಿನಲ್ಲಿ ಹೇಗೂ ಸೀಸ ನಡೆಯುವುದಿಲ್ಲವಾದ್ದರಿಂದ 1/8, 1/4ರಲ್ಲಿ ನಾಲ್ಕು ನಾಲ್ಕು ತೆಗೆದುಕೊಳ್ಳಿ. ಅಗ್ಗದ ಟಂಗ್‌ಸ್ಟನ್‌ನಲ್ಲಿ ತೂತಿನ ಅಂಚು ಹರಿತವಾಗಿರುವುದುಂಟು, ಹಳೆಯ ದಾರದ ತುಂಡನ್ನು ಹತ್ತು ಸಲ ಆಚೀಚೆ ಎಳೆದು ಉಗುರಿನಿಂದ ಸವರಿ ನೋಡಿ. ಒರಟಾಗಿದ್ದರೆ ವಾಪಸ್ ಕೊಡಿ.

ಬಯಲು ನೀರಲ್ಲಿ ಗುಂಡು ದಾರದ ಮೇಲೆ ಸಡಿಲವಾಗಿರಲಿ. ಗುಂಡು ಮುಂದೆ ಹೋಗಿ, ಹುಳು ಹಿಂದೆ ತೇಲಿದಂತೆ ಇಳಿಯುತ್ತದೆ. ದಟ್ಟ ಜೊಂಡಿನಲ್ಲಿ ಹಾಗೆ ಬಿಟ್ಟರೆ ಗುಂಡು ಕಡ್ಡಿಯ ಈಚೆ, ಹುಳು ಆಚೆ ಉಳಿದು ದಾರ ಸುತ್ತಿಕೊಳ್ಳುತ್ತದೆ. ಅಲ್ಲಿ ಗುಂಡಿನ ಮೇಲೆ ರಬ್ಬರ್ ಸ್ಟಾಪರ್ ಸರಿಸಿ ಹುಳುವಿಗೆ ತಾಗಿಸಿ ನಿಲ್ಲಿಸಿ. ಟೂತ್‌ಪಿಕ್ ಮುರಿದು ಸಿಗಿಸುವ ಹಳೆಯ ಪದ್ಧತಿ ದಾರಕ್ಕೆ ಗಾಯ ಮಾಡುತ್ತದೆ.

ಪ್ರಶ್ನೆ: ಸ್ಟಿಕ್ ವರ್ಮ್‌ಗೆ ನಡುವೆ ಕೊಕ್ಕೆ ಚುಚ್ಚುವ ವ್ಯಾಕಿ ರಿಗ್‌ನಲ್ಲಿ ಮೀನು ಸಿಗುತ್ತಿದೆ. ಆದರೆ ಒಂದೊಂದು ಮೀನಿಗೂ ಒಂದೊಂದು ಹುಳು ಹರಿದುಹೋಗುತ್ತದೆ. ಅದಕ್ಕಿಂತ ಹೆಚ್ಚಿನ ಸಂಕಟವೆಂದರೆ, ಕೆಲವು ಮೀನು ಕೊಕ್ಕೆಯನ್ನು ಗಂಟಲವರೆಗೆ ನುಂಗಿರುತ್ತವೆ.
— ಓದುಗರು, ಎಡಿಸನ್, ನ್ಯೂಜೆರ್ಸಿ

ಹರಿಯುವುದು ಉಪ್ಪಿನಿಂದ. ಉಪ್ಪು ಹೆಚ್ಚಿದಷ್ಟೂ ಹುಳು ಚೆನ್ನಾಗಿ ಮುಳುಗುತ್ತದೆ, ಅಷ್ಟೇ ಬೇಗ ಹರಿಯುತ್ತದೆ. ಹುಳುವಿನ ನಡುವಿಗೆ ರಬ್ಬರ್ ಓ-ರಿಂಗ್ ಹಾಕಿ, ಕೊಕ್ಕೆಯನ್ನು ಪ್ಲಾಸ್ಟಿಕ್‌ಗೆ ಚುಚ್ಚುವ ಬದಲು ರಿಂಗ್‌ನ ಅಡಿ ತೂರಿಸಿ. ರಿಂಗ್ ಸಡಿಲವಾಗಿದ್ದರೆ ಎಸೆಯುವಾಗ ಹುಳು ಹಾರಿಹೋಗುತ್ತದೆ, 5 ಇಂಚಿನ ಹುಳುವಿನ ಮೈಗೆ ಬಿಗಿಯಾಗಿ ಕೂರುವ ಅಳತೆಯನ್ನೇ ಆರಿಸಿ. ಕೊಕ್ಕೆ 1 ಅಥವಾ 1/0 ಇರಲಿ, ಸ್ಪಿನ್ನಿಂಗ್ ರಾಡ್, 8 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ತುದಿದಾರ. ತುದಿಗಳು ಹರಿದ ಹುಳುವನ್ನು ಎಸೆಯಬೇಡಿ. ಗಟ್ಟಿ ಉಳಿದ ಭಾಗಕ್ಕೆ ತಲೆಯಲ್ಲಿ ಸಣ್ಣ ಮೊಳೆಯಂಥ ಭಾರ ತುರುಕಿದರೆ ನೆಕೊ ರಿಗ್ ಆಗುತ್ತದೆ, ಅದು ತಲೆಕೆಳಗಾಗಿ ನೆಲ ಕುಕ್ಕುತ್ತ ಹೋಗುತ್ತದೆ.

ನುಂಗುವ ಸಮಸ್ಯೆ ನೀವು ಕಾಯುವುದು ಹೆಚ್ಚಾದ್ದರಿಂದ. ವ್ಯಾಕಿ ಹುಳು ಸಡಿಲ ದಾರದಲ್ಲಿ ಇಳಿಯುತ್ತದೆ, ಕಚ್ಚಿದ್ದು ಕೈಗೆ ತಿಳಿಯುವುದೇ ಇಲ್ಲ. ಆದ್ದರಿಂದ ಕೈಯ ಭರವಸೆ ಬಿಟ್ಟು ನೀರು ಸೇರುವ ಕಡೆ ದಾರವನ್ನೇ ನೋಡುತ್ತಿರಬೇಕು. ದಾರ ಪಕ್ಕಕ್ಕೆ ಸರಿದರೆ, ಇಳಿಯುವುದು ನಡುವೆಯೇ ನಿಂತರೆ, ಇದ್ದಕ್ಕಿದ್ದಂತೆ ಜಗ್ಗಿದರೆ, ಮೀನಿನ ಬಾಯಲ್ಲಿ ಹುಳು ಇದೆ. ಆಗಲೇ ರೀಲ್ ಸುತ್ತಿ ರಾಡ್ ಎತ್ತಿ.

ಆದರೂ ನುಂಗಿದರೆ ಬಾಯೊಳಗಿಂದ ಎಳೆದಾಡಬೇಡಿ. ದಾರ ಸಡಿಲ ಬಿಟ್ಟು, ಮೂತಿ ಉದ್ದದ ಇಕ್ಕಳವನ್ನು ಕಿವಿರಿನ ಮುಚ್ಚಳದ ಕಡೆಯಿಂದ ಒಳಗೆ ಕಳಿಸಿ ಕೊಕ್ಕೆಯ ಕಣ್ಣಿನ ಬುಡ ಹಿಡಿಯಿರಿ. ಕೆಂಪು ಎಳೆಗಳಿಗೆ ತಾಗಿಸಬೇಡಿ, ಅಲ್ಲಿ ರಕ್ತ ಬಂದರೆ ಮೀನು ಬದುಕುವುದು ಕಷ್ಟ. ಕೊಕ್ಕೆಯ ಕಣ್ಣನ್ನು ಮೆಲ್ಲಗೆ ಹೊರಕ್ಕೆ ಎಳೆದರೆ ಕೊಕ್ಕೆ ಮಗುಚಿ ಮೊನೆ ತಾನಾಗಿ ಬಿಡುತ್ತದೆ, ಆಮೇಲೆ ಬಾಯಿಯ ಮೂಲಕ ತೆಗೆಯಬಹುದು. ಎರಡು ಪ್ರಯತ್ನಕ್ಕೆ ಬರದಿದ್ದರೆ ಕೊಕ್ಕೆಯ ಕಣ್ಣಿನ ಹತ್ತಿರ ದಾರ ಕತ್ತರಿಸಿ ಮೀನನ್ನು ನೀರಿಗೆ ಬಿಡಿ. ಕೊಕ್ಕೆಯ ಮೊನೆಯ ಹತ್ತಿರವಿರುವ ಎದುರು ಮುಳ್ಳನ್ನು ಮೊದಲೇ ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಟ್ಟುಕೊಂಡರೆ ಇವೆಲ್ಲ ಅರ್ಧಕ್ಕರ್ಧ ಸುಲಭ.

ಪ್ರಶ್ನೆ: ಟಕ್ ಟಕ್ ಎಂದು ಬಡಿದದ್ದು ತಿಳಿಯುತ್ತದೆ, ಎಳೆದರೆ ಬರಿ ಹುಳು ಬರುತ್ತದೆ. ಕೆಲವೊಮ್ಮೆ ಬಾಲವೂ ಇರುವುದಿಲ್ಲ.
— ಓದುಗರು, ಅಟ್ಲಾಂಟಾ

ಬಾಲ ಮಾತ್ರ ಹೋಗುತ್ತಿದ್ದರೆ ಕಚ್ಚುತ್ತಿರುವುದು ಬಾಸ್ ಅಲ್ಲ, ಅಂಗೈ ಅಗಲದ ಬ್ಲೂಗಿಲ್ ಮೀನುಗಳು. ಬಡಿತ ಒಂದೇ ಸಮನೆ ಪಟಪಟ ಎನ್ನುತ್ತದೆ. ಜಾಗ ಬದಲಿಸಿ.

ಬಾಸ್ ಒಂದೋ ಎರಡೋ ಸಲ ಬಡಿಯುತ್ತದೆ, ಇಲ್ಲವೇ ದಾರ ಸುಮ್ಮನೆ ಭಾರವಾಗುತ್ತದೆ. ಆಗ ರಾಡ್ ತುದಿಯನ್ನು ನೀರಿನ ಕಡೆ ಇಳಿಸಿ, ಸಡಿಲ ದಾರ ಸುತ್ತಿ, ಮೀನಿನ ಭಾರ ತಾಗಿದ ಕೂಡಲೇ ಜೋರಾಗಿ ಮೇಲಕ್ಕೆ ಮೀಟಿ. ಸಡಿಲ ದಾರದಲ್ಲಿ ಮೀಟಿದ ಬಲವೆಲ್ಲ ದಾರಕ್ಕೇ ಹೋಗುತ್ತದೆ. ಟೆಕ್ಸಾಸ್ ರಿಗ್‌ನಲ್ಲಿ ಮೊನೆ ಪ್ಲಾಸ್ಟಿಕ್ ದಾಟಿ ದವಡೆಗೆ ನಾಟಬೇಕಾದ್ದರಿಂದ 7 ಅಡಿಯ ಮೀಡಿಯಂ-ಹೆವಿ ರಾಡ್, 12ರಿಂದ 15 ಪೌಂಡ್ ದಾರ ಬೇಕೇ ಬೇಕು. ತೆಳು ತಂತಿಯ, ಮೊನೆ ಬಯಲಿಗಿರುವ ಕೊಕ್ಕೆಯ ವ್ಯಾಕಿ ಮತ್ತು ಡ್ರಾಪ್ ಶಾಟ್‌ಗಳಲ್ಲಿ (ಇದರಲ್ಲಿ ಗುಂಡು ಕೊಕ್ಕೆಯ ಕೆಳಗಿರುತ್ತದೆ) ಹಾಗೆ ಮೀಟಿದರೆ ದಾರ ಕಿತ್ತೀತು. ಅಲ್ಲಿ ರೀಲ್ ಸುತ್ತುತ್ತ ರಾಡ್ ಬಾಗಿಸಿದರೆ ಸಾಕು. ಕೊಕ್ಕೆಯ ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ, ಜಾರಿದರೆ ಮೊಂಡಾಗಿದೆ, ಬದಲಿಸಿ.

ಪ್ರಶ್ನೆ: ಯಾವ ನೀರಿಗೆ ಯಾವ ಬಣ್ಣ?

ತಿಳಿನೀರಿಗೆ ಗ್ರೀನ್ ಪಂಪ್‌ಕಿನ್ ಎಂಬ ಕಂದು ಬೆರೆತ ಹಸಿರು ಅಥವಾ ವಾಟರ್‌ಮೆಲನ್. ಕೆಂಪುಮಣ್ಣು ಕಲಕಿದ ನೀರಿಗೆ, ಮುಂಜಾನೆಗೆ, ರಾತ್ರಿಗೆ ಕಪ್ಪು-ನೀಲಿ ಅಥವಾ ಜೂನ್‌ಬಗ್ ಎಂಬ ಕಡು ನೇರಳೆ. ಮಬ್ಬಿನಲ್ಲಿ ಕಡುಬಣ್ಣದ ಆಕಾರವೇ ಸ್ಪಷ್ಟ ಕಾಣುವುದು. ಈ ಎರಡು ಇದ್ದರೆ ಸಾಕು. ಮೀನು ಕಚ್ಚದಿದ್ದಾಗ ಮೊದಲು ಜಾಗ, ಆಮೇಲೆ ಗುಂಡಿನ ತೂಕ, ಆಮೇಲೆ ಹುಳುವಿನ ಅಳತೆ ಬದಲಿಸಿ. ಬಣ್ಣದ ಸರದಿ ಕೊನೆಗೆ.

ಪ್ರಶ್ನೆ: ಇಲ್ಲಿಯ ಜಲಾಶಯಗಳ ನೀರು ಕನ್ನಡಿಯಂತೆ ತಿಳಿ. ಬೇಸಿಗೆಯಲ್ಲಿ ಮೀನು 25 ಅಡಿ ಆಳದಲ್ಲಿ ಇರುವುದು ಫಿಶ್ ಫೈಂಡರ್‌ನಲ್ಲಿ ಕಾಣುತ್ತದೆ, ಟೆಕ್ಸಾಸ್ ರಿಗ್ ಮುಟ್ಟುವುದಿಲ್ಲ.
— ಓದುಗರು, ಸ್ಯಾನ್ ಹೋಸೆ

ಮೀನು ತಳದಿಂದ ಒಂದೆರಡು ಅಡಿ ಮೇಲೆ ತೇಲುತ್ತಿದೆ, ನಿಮ್ಮ ಹುಳು ಅದರ ಹೊಟ್ಟೆಯಡಿ ಹೋಗುತ್ತಿದೆ. ಡ್ರಾಪ್ ಶಾಟ್ ಕಟ್ಟಿ.

6ರಿಂದ 8 ಪೌಂಡ್ ಫ್ಲೋರೋಕಾರ್ಬನ್‌ಗೆ 1 ಅಥವಾ 2 ನಂಬರಿನ ಡ್ರಾಪ್ ಶಾಟ್ ಕೊಕ್ಕೆಯನ್ನು ಪಾಲೊಮಾರ್ ಗಂಟಿನಿಂದ ಕಟ್ಟಿ. ಗಂಟಿನ ಕೆಳಗೆ ಎರಡು ಅಡಿ ದಾರ ಉಳಿಸಿಕೊಳ್ಳಿ. ಉಳಿದ ಆ ತುದಿಯನ್ನು ಮೊನೆ ಇರುವ ಬದಿಯಿಂದ ಕೊಕ್ಕೆಯ ಕಣ್ಣಿನೊಳಗೆ ಇನ್ನೊಮ್ಮೆ ತೂರಿಸಿ ಎಳೆಯಿರಿ, ಆಗ ಕೊಕ್ಕೆ ದಾರಕ್ಕೆ ಅಡ್ಡಲಾಗಿ ಮೊನೆ ಮೇಲೆ ಮಾಡಿ ನಿಲ್ಲುತ್ತದೆ. ಮೊನೆ ಕೆಳಗಾದರೆ ಬಿಚ್ಚಿ ಮತ್ತೆ ಕಟ್ಟಿ, ಹಾಗೇ ಎಸೆದರೆ ಮೀನು ಸಿಗುವುದಿಲ್ಲ. ತುದಿಗೆ 3/16 ಅಥವಾ 1/4 ಔನ್ಸ್‌ನ ಡ್ರಾಪ್ ಶಾಟ್ ಗುಂಡು ಸಿಗಿಸಿ. ಅದರ ಕಣ್ಣು ದಾರವನ್ನು ಕಚ್ಚಿ ಹಿಡಿಯುವ ಬಗೆಯದು, ಕಲ್ಲಿಗೆ ಸಿಕ್ಕಿದರೆ ಗುಂಡು ಮಾತ್ರ ಕಳಚಿ ಉಳಿದದ್ದು ಕೈಗೆ ಬರುತ್ತದೆ. ಕೊಕ್ಕೆಗೂ ಗುಂಡಿಗೂ ನಡುವಿನ ಅಂತರ ಮೀನು ತೇಲುತ್ತಿರುವ ಎತ್ತರಕ್ಕೆ ಸರಿಹೊಂದಲಿ, ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಡಿ.

ನಾಲ್ಕೂವರೆ ಇಂಚಿನ ನೇರ ಹುಳುವಿನ ಮೂತಿಯನ್ನಷ್ಟೇ ಕೊಕ್ಕೆಗೆ ಚುಚ್ಚಿ. ಎಸೆದ ಮೇಲೆ ಗುಂಡು ತಳದಲ್ಲಿ ಅಲುಗದೆ ಕೂರಬೇಕು, ಸಡಿಲ ದಾರವನ್ನು ಮಾತ್ರ ಬೆರಳಿನಿಂದ ನಡುಗಿಸಿ. ಗುಂಡನ್ನೇ ಎಳೆದಾಡಿದರೆ ಹುಳುವೂ ತಳಕ್ಕೆ ಬೀಳುತ್ತದೆ, ಟೆಕ್ಸಾಸ್ ರಿಗ್‌ಗಿಂತ ಬೇರೆಯೇನೂ ಆಗುವುದಿಲ್ಲ. ಅಷ್ಟು ಆಳದಿಂದ ಮೇಲೆ ತಂದ ಬಾಸ್‌ನ ಗಾಳಿಚೀಲ ಉಬ್ಬುತ್ತದೆ. ಫೋಟೋಗೆಂದು ಹೊತ್ತು ಕಳೆಯದೆ ಬೇಗ ಬಿಟ್ಟುಬಿಡಿ.

ಪ್ರಶ್ನೆ: ಡಬ್ಬಿಯಲ್ಲಿಟ್ಟ ಹುಳುಗಳು ಕರಗಿ ಅಂಟಾಗಿವೆ, ಡಬ್ಬಿಯ ತಳವೂ ಮೆತ್ತಗಾಗಿದೆ. ಹರಿದ ಹುಳುಗಳನ್ನು ಮನೆಯಲ್ಲಿ ಕರಗಿಸಿ ಹೊಸದು ಮಾಡಿಕೊಳ್ಳಬಹುದೇ?
— ಓದುಗರು, ಷಾರ್ಲಟ್, ನಾರ್ತ್ ಕರೊಲಿನಾ

ಸಾಮಾನ್ಯ ಹುಳು ಪ್ಲಾಸ್ಟಿಸಾಲ್‌ನಿಂದ ಆದದ್ದು: ಪಿವಿಸಿ ಪುಡಿ, ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ. ಆ ದ್ರವ ನಿಧಾನಕ್ಕೆ ಹೊರಗೆ ಬಂದು ಕೆಲವು ಬಗೆಯ ಗಡಸು ಪ್ಲಾಸ್ಟಿಕ್ ಡಬ್ಬಿಗಳನ್ನು ತಿನ್ನುತ್ತದೆ. ಹುಳುಗಳನ್ನು ಅವು ಬಂದ ಪ್ಯಾಕೆಟ್‌ನಲ್ಲೇ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಬೇರೆ ಬೇರೆ ಬಣ್ಣ ಒಟ್ಟಿಗಿಟ್ಟರೆ ಕಡುಬಣ್ಣ ತಿಳಿಬಣ್ಣಕ್ಕೆ ಇಳಿಯುತ್ತದೆ. ನಿಮ್ಮದು ಅಂಟಾಗಿ ಕರಗಿರುವುದನ್ನು ನೋಡಿದರೆ ಜೀ-ಮ್ಯಾನ್ ಕಂಪನಿಯ ಎಲಾಜ್‌ಟೆಕ್‌ನಂಥ ಹುಳುಗಳನ್ನು ಮಾಮೂಲಿ ಹುಳುಗಳ ಜೊತೆ ಇಟ್ಟಿರಬಹುದು. ಅದರ ವಸ್ತುವೇ ಬೇರೆ. ಎಳೆದಷ್ಟೂ ಹಿಗ್ಗುತ್ತದೆ, ಹರಿಯದು, ತೇಲುತ್ತದೆ. ಆದರೆ ಪ್ಲಾಸ್ಟಿಸಾಲ್ ತಾಗಿದರೆ ಎರಡೂ ಕರಗುತ್ತವೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಯಾವುದನ್ನೂ ಬಿಡಬೇಡಿ, ಬಾಲ ಸೊಟ್ಟಗಾಗಿ ಅಲ್ಲೇ ನಿಂತುಬಿಡುತ್ತದೆ. ಸೊಟ್ಟಗಾದದ್ದನ್ನು ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ.

ಕರಗಿಸಿ ಅಚ್ಚು ಹಾಕುವವರಿದ್ದಾರೆ, ಆದರೆ ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ. ಪ್ಲಾಸ್ಟಿಸಾಲ್‌ಗೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಬೇಕು. ಅದಕ್ಕಿಂತ ಬಹಳ ಮೀರಿದರೆ ಪಿವಿಸಿ ಸುಟ್ಟು ಶ್ವಾಸಕೋಶ ಸುಡುವ ಹೊಗೆ ಬರುತ್ತದೆ. ಹಳೆಯ ಹುಳುವಿನಲ್ಲಿ ಕೆರೆಯ ನೀರಿನ ಹನಿ ಉಳಿದಿದ್ದರೆ ಬಿಸಿ ಪ್ಲಾಸ್ಟಿಕ್ ಸಿಡಿದು ಮೈಗೆ ಅಂಟುತ್ತದೆ. ಮಾಡಲೇಬೇಕೆಂದರೆ ಹೊರಗಡೆ, ಆ ಕೆಲಸಕ್ಕೇ ಮೀಸಲಾದ ಪಾತ್ರೆಯಲ್ಲಿ, ಥರ್ಮಾಮೀಟರ್, ಕೈಗವಸು, ಕನ್ನಡಕ, ಮಾಸ್ಕ್ ಇಟ್ಟುಕೊಂಡು ಮಾಡಿ. ಚಿಕ್ಕ ಹರಕಿಗೆ ಇಷ್ಟೆಲ್ಲ ಬೇಡ. ಸೀಳಿನ ಎರಡೂ ಅಂಚನ್ನು ಬಿಸಿ ಮಾಡಿದ ಸೂಜಿಯಿಂದ ಸವರಿ ಅಮುಕಿ ಹಿಡಿದರೆ ಕೂಡಿಕೊಳ್ಳುತ್ತದೆ.

ಹರಿದ ಹುಳುವನ್ನು ಯಾವ ಕಾರಣಕ್ಕೂ ನೀರಿಗೆ ಎಸೆಯಬೇಡಿ. ಅದು ಕೊಳೆಯುವುದಿಲ್ಲ, ಮೀನು ನುಂಗುತ್ತದೆ, ಹೊಟ್ಟೆಯಲ್ಲಿ ಉಬ್ಬಿ ಉಳಿಯುತ್ತದೆ. ಜೇಬಿನಲ್ಲೊಂದು ಜಿಪ್ ಪ್ಯಾಕೆಟ್ ಇದ್ದರೆ ಸಾಕಲ್ಲ.

ಪ್ರಶ್ನೆ: ಹಾಸನದಿಂದ ಅಪ್ಪ ಬಂದಿದ್ದಾರೆ, ಚಿಕ್ಕಂದಿನಿಂದ ಕೆರೆಯಲ್ಲಿ ಗಾಳ ಹಾಕಿದವರು. ಅವರನ್ನು ಕರೆದುಕೊಂಡು ಹೋಗಲು ಲೈಸೆನ್ಸ್ ಬೇಕೇ? ಹಿಡಿದದ್ದನ್ನು ಮನೆಗೆ ತರಬಹುದೇ?
— ಓದುಗರು, ಹ್ಯೂಸ್ಟನ್

ಟೆಕ್ಸಾಸ್‌ನಲ್ಲಿ 17 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು, ಪ್ರವಾಸಿಗಳಿಗೂ ಬೇಕು. ಒಂದು ದಿನದ್ದೂ ಸಿಗುತ್ತದೆ. ಸ್ಟೇಟ್ ಪಾರ್ಕ್‌ಗಳೊಳಗೆ ದಡದಿಂದ ಗಾಳ ಹಾಕಲು ಲೈಸೆನ್ಸ್ ಬೇಡ, ನಿಮ್ಮ ತಂದೆಯವರಿಗೆ ಅದೇ ಸುಲಭದ ದಾರಿ. ಲಾರ್ಜ್‌ಮೌತ್ ಬಾಸ್ ಒಬ್ಬರಿಗೆ ದಿನಕ್ಕೆ ಐದು, ಒಂದೊಂದೂ ಕನಿಷ್ಠ 14 ಇಂಚು ಎಂಬುದು ರಾಜ್ಯದ ಸಾಮಾನ್ಯ ನಿಯಮ. ಕೆಲವು ಕೆರೆಗಳ ನಿಯಮ ಬೇರೆ: ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್ ಇಟ್ಟುಕೊಳ್ಳುವಂತಿಲ್ಲ. ಹೋಗುವ ಮುನ್ನ ಟೆಕ್ಸಾಸ್ ಪಾರ್ಕ್ಸ್ ಆ್ಯಂಡ್ ವೈಲ್ಡ್‌ಲೈಫ್ ಇಲಾಖೆಯ ಪಟ್ಟಿಯಲ್ಲಿ ಆ ಕೆರೆಯ ಹೆಸರು ಹುಡುಕಿ ನೋಡಿ. ಅಪ್ಪನ ಕೈಗೆ ಗುಂಡಿಲ್ಲದ ಸ್ಟಿಕ್ ವರ್ಮ್ ಕೊಡಿ, ದಾರಕ್ಕೆ ಬೆಂಡು ಕಟ್ಟಿ ಕಾದವರಿಗೆ ದಾರ ನೋಡುವುದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ.

ಪ್ರಶ್ನೆ: ಈ ಹುಳುಗಳು ನಮ್ಮ ಕಡೆಯ ಕೊರವ ಮೀನಿಗೆ ಆಗುತ್ತವೆಯೇ?
— ಓದುಗರು, ಮೈಸೂರು

ಆಗುತ್ತವೆ, ಆದರೆ ಮೊದಲ ಆಯ್ಕೆ ಹುಳುವಲ್ಲ. ಮುರೆಲ್ ಎಂದೂ ಕರೆಯುವ ಕೊರವ ಜೊಂಡಿನಡಿ ಹೊಂಚಿ ಕೂತು ಮೇಲ್ಮೈಯಲ್ಲಿ ಹೋಗುವುದನ್ನು ಹಾರಿ ಹಿಡಿಯುವ ಮೀನು, ಅದಕ್ಕೆ ಟೊಳ್ಳು ರಬ್ಬರ್ ಕಪ್ಪೆಯೇ ಸರಿ. ಪಾಚಿಯ ನಡುವೆ ತೆರೆದ ನೀರಿನ ಗುಂಡಿಗಳಿದ್ದರೆ ಮಾತ್ರ ಗುಂಡು ಕಟ್ಟದ 5 ಇಂಚಿನ ದಪ್ಪ ಹುಳುವನ್ನು ಟೆಕ್ಸಾಸ್ ರಿಗ್ ಮಾಡಿ ಅಲ್ಲಿಗೆ ಇಳಿಬಿಡಿ. ಕೊಕ್ಕೆ ದಪ್ಪ ತಂತಿಯ 4/0, ದಾರ 40 ಪೌಂಡ್‌ನ ಬ್ರೇಡ್, ಅಂದರೆ ಹೆಣೆದ ದಾರ. ಕೊರವನ ದವಡೆ ಮೂಳೆಗಟ್ಟಿ, ಬಾಸ್‌ಗಿಂತ ಜೋರಾಗಿ ಮೀಟಬೇಕು. ಬಾಯಿ ತುಂಬ ಹಲ್ಲು ಇರುವುದರಿಂದ ಉಪ್ಪು ಬೆರೆತ ಹುಳು ಒಂದು ಮೀನಿಗೇ ಮುಗಿಯುತ್ತದೆ, ಹಿಗ್ಗುವ ಬಗೆಯದನ್ನು ಕೊಳ್ಳಿ.

ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ಗಾಳ ಎಸೆಯಬೇಡಿ. ಕಾವಲಿಗೆ ನಿಂತ ತಾಯಿ-ತಂದೆ ಏನು ಎಸೆದರೂ ಮೇಲೆ ಬೀಳುತ್ತವೆ, ಅವನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನುಗಳ ಪಾಲು. ನಮ್ಮಲ್ಲಿ ಬಹಳಷ್ಟು ಕೆರೆಗಳ ಮೀನು ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ, ಅವರನ್ನು ಕೇಳಿಯೇ ಇಳಿಯಬೇಕು. ಅಭಯಾರಣ್ಯದೊಳಗಿನ ಹೊಳೆಗಳಲ್ಲಿ ಗಾಳ ಹಾಕುವಂತೆಯೇ ಇಲ್ಲ.